ಜಗಳ ಆಡಿಕೊಂಡು ಬನ್ನಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಎರಡರಲ್ಲಿ ಒಂದನ್ನು ಬಿಟ್ಟರೆ ಅರ್ಧ ಕಷ್ಟ ತಪ್ಪುತ್ತದೆ ಎಂದುಕೊಂಡು ನಾನೂ ಮೇಷ್ಟ್ರೂ ಮದುವೆಯನ್ನು ಬಿಟ್ಟು ಮನೆಗೆ ಕೈ ಹಾಕಿದೆವು. ಕಟ್ಟುವ ರಗಳೆಯೂ ಬೇಡ, ಯಾರೋ ಕಟ್ಟಿ ಬೇಸತ್ತಿದ್ದನ್ನೇ ಕೊಳ್ಳೋಣ ಎಂದು ಇನ್ನಷ್ಟು ಜಾಣರಾದೆವು. ನಮ್ಮ ಪಾಲಿನ ಕಷ್ಟವೆಲ್ಲ ಲಾಯರಮ್ಮನ ಕಚೇರಿಯಲ್ಲಿ ಕಾದು ಕುಳಿತಿತ್ತು.

ಇಬ್ಬರೂ ಅರ್ಧರ್ಧ ಹಣ ಹಾಕಿ ಮನೆ ಕೊಳ್ಳುವುದಕ್ಕೆ ಒಂದು ಕರಾರು ಬರೆಸಲು ಹೋಗಿದ್ದೆವು. ಲಾಯರಮ್ಮ ನಾವು ಕೊಟ್ಟ ಕಾಗದಗಳನ್ನೆಲ್ಲ ಓದಿ, ಬರೆಯಲು ತೆಗೆದಿದ್ದ ಪೆನ್ನಿಗೆ ಮತ್ತೆ ಮುಚ್ಚಳ ಹಾಕಿದರು.

"ನೀವಿಬ್ರೂ ಕೊನೇ ಸಲ ಜಗಳ ಆಡಿದ್ದು ಯಾವಾಗ?"

"ನಾವು ಜಗಳ ಆಡಲ್ಲ ಮೇಡಂ," ಎಂದರು ಮೇಷ್ಟ್ರು. ದನಿಯಲ್ಲಿ ಹೆಮ್ಮೆಯಿತ್ತು.

"ಹಾಗಾದ್ರೆ ನಾನು ಬರೆಯಲ್ಲ," ಎಂದರು ಲಾಯರಮ್ಮ.

ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ, ಕಾರು ಓಡಿಸುವುದನ್ನು ಕಲಿಸುವ ಮೇಷ್ಟ್ರು. ಅವರ ಡ್ರೈವಿಂಗ್ ಸ್ಕೂಲಿಗೆ ಇರುವುದು ಒಂದೇ ಕಾರು, ಒಬ್ಬರೇ ಮೇಷ್ಟ್ರು. ಆ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕ್ ಇದೆ. ಕಲಿಯುವವರು ಕಂಬಕ್ಕೋ ಕಾಲುವೆಗೋ ಹೊರಟಾಗ ಮೇಷ್ಟ್ರು ತಮ್ಮ ಕಡೆಯ ಬ್ರೇಕ್ ಒತ್ತಿ, "ನಿಧಾನ, ಕನ್ನಡಿ ನೋಡಿ" ಎನ್ನುತ್ತಾರೆ. ನಾನೂ ಒಂದು ಕಾಲದಲ್ಲಿ ಅವರ ಶಿಷ್ಯೆ. ಮೊದಲೆರಡು ಸಲ ಪರೀಕ್ಷೆಯಲ್ಲಿ ಫೇಲಾದದ್ದು ಅವರದೇ ಪಿತೂರಿ ಎಂಬ ಗುಮಾನಿ ನನಗೆ ಈಗಲೂ ಇದೆ. ಶಿಷ್ಯರನ್ನೆಲ್ಲ ಬಹುವಚನದಲ್ಲಿ ಕರೆಯುವುದು ಅವರ ಪದ್ಧತಿ. ಒಂದೇ ಮನೆಯಲ್ಲಿ, ಒಂದೇ ಹೊದಿಕೆಯ ಕೆಳಗೆ ಒಂಬತ್ತು ವರ್ಷ ಕಳೆದರೂ ನನ್ನನ್ನು 'ನೀವು' ಎಂದೇ ಕರೆಯುತ್ತಿದ್ದರು.

ನಾನು ಹಲ್ಲು ಕಟ್ಟುವವಳು. ಡಾಕ್ಟರಲ್ಲ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ನಾನು ಅದಕ್ಕೆ ಹೊಂದುವ ಹಲ್ಲಿನ ಸೆಟ್ಟು ಮಾಡಿಕೊಡುತ್ತೇನೆ. ಊರಿನ ಮುದುಕರ ಅರ್ಧ ನಗು ನನ್ನ ಮೇಜಿನ ಮೇಲೆ ಹುಟ್ಟಿದ್ದು. ಹೀಗಾಗಿ ಯಾರ ನಗುವನ್ನೂ ನಾನು ಬೇಗ ನಂಬುವುದಿಲ್ಲ. ಲಾಯರಮ್ಮ ಬಾಯಿ ತೆರೆದ ಕೂಡಲೇ ಅವರ ಮುಂದಿನ ಹಲ್ಲು ಕಟ್ಟಿದ್ದೆಂದೂ, ಕಟ್ಟಿದವನು ಟ್ಯೂಬ್‌ಲೈಟಿನ ಕೆಳಗೆ ಕೂತು ಬಣ್ಣ ಆರಿಸಿದ್ದಾನೆಂದೂ ಗೊತ್ತಾಯಿತು. ಒಂದು ಹಲ್ಲು ಅಕ್ಕಪಕ್ಕದವುಗಳಿಗಿಂತ ಬೆಳ್ಳಗೆ, ಮದುವೆ ಮನೆಗೆ ಹೊರಟಂತೆ ಮಿಂಚುತ್ತಿತ್ತು.

ನಾನೂ ಒಮ್ಮೆ ಮದುವೆಯಾಗಿದ್ದೆ. ಗಂಡ ಕೆಟ್ಟವನಲ್ಲ, ಇದ್ದೂ ಇಲ್ಲದಂಥವನು. ಮನೆ ಮಾವನ ಹೆಸರಿನಲ್ಲಿತ್ತು. ಒಂದು ಮಧ್ಯಾಹ್ನ ಮಾತಿಗೆ ಮಾತು ಬೆಳೆದು ಮಾವ "ನನ್ನ ಮನೆಯಿಂದ ಹೊರಗೆ ನಡಿ" ಎಂದ. ಗಂಡ ಕಿಟಕಿಯಿಂದ ಹೊರಗೆ ನೋಡುತ್ತಾ ನಿಂತಿದ್ದ. ಮೇಣ, ಚಾಕು, ಅರಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಬಿದ್ದೆ. ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತಾಗಲೇ ಹೋಗಲು ಯಾವ ಜಾಗವೂ ಇಲ್ಲ ಎಂದು ತಿಳಿದದ್ದು. ಆವತ್ತಿನಿಂದ ನನಗೆ ಬದುಕಿನಲ್ಲಿ ಒಂದೇ ಆಸೆ. ಯಾವ ತಾಯಿಗೆ ಹುಟ್ಟಿದ ಮಗನೂ "ಹೊರಗೆ ನಡಿ" ಎನ್ನಲಾಗದ ಒಂದು ಬಾಗಿಲು ನನ್ನದಾಗಬೇಕು. ಮೇಷ್ಟ್ರು ಮದುವೆಯಾಗೋಣವೇ ಎಂದು ಕೇಳಿದಾಗಲೂ, ಮದುವೆ ಒಂದು ಸಲ ನೋಡಿ ಆಯಿತು, ಬಾಗಿಲು ಇದ್ದರೆ ಹೇಳಿ ಎಂದಿದ್ದೆ.

"ಜಗಳಕ್ಕೂ ಕರಾರು ಪತ್ರಕ್ಕೂ ಏನು ಸಂಬಂಧ?" ಎಂದು ಕೇಳಿದೆ.

"ಎಲ್ಲಾ ಸಂಬಂಧ ಅಲ್ಲೇ ಇರೋದು," ಎಂದರು ಲಾಯರಮ್ಮ. "ಮದುವೆಯಾದವರು ಬೇರೆಯಾದ್ರೆ ಕಾನೂನು ಬೈಕೊಂಡಾದ್ರೂ ಅವರ ಕೈ ಹಿಡಿದು ಹೊರಗೆ ತರುತ್ತೆ. ನಿಮ್ಮನ್ನ ಕೇಳೋರಿಲ್ಲ. ಕಾನೂನಿನ ಕಣ್ಣಿಗೆ ನೀವು ಬಸ್ಸಲ್ಲಿ ಅಕ್ಕಪಕ್ಕ ಕೂತ ಇಬ್ಬರು ಪ್ಯಾಸೆಂಜರ್. ಪತ್ರದಲ್ಲಿ ಏನು ಬರೆದಿರುತ್ತೋ ಅಷ್ಟೇ ನಿಮ್ಮ ನೆಂಟಸ್ತಿಕೆ. ಪ್ರೀತಿ ಉಕ್ಕುವಾಗ ಎಲ್ಲರೂ 'ಎಲ್ಲಾ ನಿಂದೇ' ಅಂತ ಬರೆಸ್ತಾರೆ. ಆಮೇಲೆ ಅದೇ ಪತ್ರ ಹಿಡ್ಕೊಂಡು ಇದೇ ಕುರ್ಚೀಲಿ ಅಳ್ತಾರೆ. ಇಪ್ಪತ್ತು ವರ್ಷ ಡೈವೋರ್ಸ್ ಕೇಸೇ ನಡೆಸಿದೀನಿ. ಅದಕ್ಕೇ ಮೊದಲು ಜಗಳ ನೋಡ್ತೀನಿ, ಆಮೇಲೆ ಪೆನ್ನು ತೆಗೀತೀನಿ."

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿದ ಹಾಗಾಯ್ತು," ಎಂದರು ಮೇಷ್ಟ್ರು.

"ಇದು ಕುಲಾವಿ ಅಲ್ಲ, ಹೆಲ್ಮೆಟ್ಟು. ನಿಮಗೆ ನಾನು ಹೇಳಿಕೊಡಬೇಕಾ? ಸರಿ, ಈಗ ನೀವು ಬೇರೆಯಾದ್ರಿ ಅಂದ್ಕೊಳ್ಳಿ. ಯಾರು ಹೊರಗೆ ಹೋಗ್ತೀರಿ?"

"ನಾನು ಹೋಗ್ತೀನಿ," ಎಂದರು ಮೇಷ್ಟ್ರು, ಒಂದು ಕ್ಷಣವೂ ತಡೆಯದೆ.

ನನಗೆ ಎದೆ ತುಂಬಿ ಬಂತು. ಇಂಥ ಮನುಷ್ಯ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದುಕೊಂಡೆ. ಲಾಯರಮ್ಮನ ಮುಖ ಮಾತ್ರ ಹುಳಿಹುಳಿಯಾಯಿತು.

"ಇರಲಿ. ಈಗ ಇವರು ಸತ್ರು ಅಂದ್ಕೊಳ್ಳಿ," ಎಂದು ನನ್ನ ಕಡೆ ತಿರುಗಿದರು. ಮೇಷ್ಟ್ರು ಸಹಕರಿಸುವವರಂತೆ ಕೈಕಟ್ಟಿ ಕಣ್ಣು ತಗ್ಗಿಸಿದರು. "ಇವರಿಗೆ ಯಾರಿದ್ದಾರೆ?"

"ಒಬ್ಬಳು ಅಕ್ಕ."

"ಮುಗೀತು. ಉಯಿಲು ಇಲ್ಲ, ಮದುವೆ ಇಲ್ಲ. ಅರ್ಧ ಮನೆ ಅಕ್ಕನದು. ತಿಥಿ ಮುಗಿಯೋ ಹೊತ್ತಿಗೆ ಬೀರು ತಗೊಂಡು ಬರ್ತಾರೆ."

"ನಮ್ಮಕ್ಕ ಅಂಥವಳಲ್ಲ," ಎಂದರು ಸತ್ತ ಮೇಷ್ಟ್ರು.

"ತಮ್ಮ ಬದುಕಿರೋ ತನಕ ಯಾರ ಅಕ್ಕನೂ ಅಂಥವಳಲ್ಲ," ಎಂದರು ಲಾಯರಮ್ಮ, ಎದ್ದು ಬಾಗಿಲು ತೆಗೆಯುತ್ತಾ. "ಹೋಗಿ, ಒಂದು ಸಲ ಸರಿಯಾಗಿ ಜಗಳ ಆಡಿಕೊಂಡು ಬನ್ನಿ. ಮುಂದಿನ ಸೋಮವಾರ ಸಿಗೋಣ."

ಮನೆಗೆ ಬಂದವರು ಪ್ರಾಮಾಣಿಕವಾಗಿ ಪ್ರಯತ್ನಿಸಿದೆವು. ಮಂಚದ ಮೇಲೆ ಒದ್ದೆ ಟವೆಲ್ ಬಿಡುವ ಅವರ ಚಾಳಿಯಿಂದ ಶುರು ಮಾಡಿದೆ. "ಹೌದು, ತಪ್ಪಾಯ್ತು," ಎಂದರು. ತಪ್ಪಾಯ್ತು ಅನ್ನಬಾರದು, ತಿರುಗಿಸಿ ಬೈಯಬೇಕು ಎಂದೆ. ಬಹಳ ಹೊತ್ತು ಯೋಚಿಸಿ, "ನೀವು ಒಮ್ಮೊಮ್ಮೆ ಊಟದ ಮೇಜಿನ ಮೇಲೆ ಹಲ್ಲು ಬಿಟ್ಟಿರ್ತೀರಿ," ಎಂದರು. ಹೌದಲ್ಲ ಎಂದು ನನಗೆ ನಗು ಬಂತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ನಮ್ಮದು ಉಣ್ಣುವ ತನಕವೂ ಬಾಳಲಿಲ್ಲ. ಗಂಡ ಹೆಂಡತಿ ಅಲ್ಲದ್ದಕ್ಕೆ ಗಾದೆಯೂ ನಮ್ಮನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲವೇನೋ.

ಭಾನುವಾರ ಮನೆಯನ್ನು ಇನ್ನೊಮ್ಮೆ ನೋಡಲು ಹೋದೆವು. ಅಕ್ಕನೂ ಬಂದಳು. ಅಕ್ಕ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತಳಾದವಳು. ಈಗಲೂ ಯಾರನ್ನೇ ನೋಡಲಿ, ಟಿಕೆಟ್ ಇಲ್ಲದೆ ಹತ್ತಿದ್ದಾರೆ ಎಂಬಂತೆಯೇ ನೋಡುತ್ತಾಳೆ. ನನ್ನ ವಿಷಯದಲ್ಲಂತೂ ಅವಳ ಅನುಮಾನಕ್ಕೆ ಆಧಾರವಿತ್ತು. ತಮ್ಮನ ಹೆಂಡತಿ ಎನ್ನೋಣವೆಂದರೆ ಮದುವೆಯಾಗಿಲ್ಲ, ಗೆಳತಿ ಎನ್ನೋಣವೆಂದರೆ ನನ್ನ ತಲೆ ಅರ್ಧ ಬೆಳ್ಳಗಾಗಿದೆ. ಹಾಗಾಗಿ ಒಂಬತ್ತು ವರ್ಷವೂ ನನ್ನನ್ನು 'ಇವರು' ಎಂದೇ ಸಾಗಹಾಕಿದ್ದಳು. ಇವರಿಗೆ ಕಾಫಿ ಬೇಕಾ ಕೇಳು, ಇವರ ಚಪ್ಪಲಿ ದಾರೀಲಿದೆ.

ಸಾಲುಮನೆಗಳಲ್ಲಿ ಕೊನೆಯದು ಅದು. ಮೆಟ್ಟಿಲುಗಳಲ್ಲಿ ಒಂದು ಉಳಿದವುಗಳಿಗಿಂತ ಎತ್ತರ, ಹೊಸಬರನ್ನೆಲ್ಲ ಎಡವಿಸಿಯೇ ಒಳಗೆ ಬಿಡುತ್ತಿತ್ತು. ಹಳೆಯ ಮಾಲೀಕರು ಗೋಡೆಯ ಪಟಗಳನ್ನು ಒಯ್ದು ಮೊಳೆಗಳನ್ನು ನಮಗೆ ಬಿಟ್ಟಿದ್ದರು. ಇದೆಲ್ಲ ನನಗೆ ಲೆಕ್ಕಕ್ಕಿರಲಿಲ್ಲ. ನಾನು ಮನಸೋತಿದ್ದು ಹಿಂದಿನ ಕೋಣೆಗೆ. ಅದರ ದೊಡ್ಡ ಕಿಟಕಿ ಉತ್ತರಕ್ಕಿತ್ತು. ಬಿಸಿಲು ಬೀಳದ, ಬೆಳಗಿನಿಂದ ಸಂಜೆಯವರೆಗೆ ಒಂದೇ ಹದದಲ್ಲಿರುವ ಬೆಳಕು. ಹಲ್ಲಿನ ಬಣ್ಣ ಆರಿಸಲು ಅಂಥ ಬೆಳಕೇ ಬೇಕು. ಬಾಡಿಗೆ ಮನೆಯ ಮೂಲೆಯಲ್ಲಿ ಬಲ್ಬಿನ ಕೆಳಗೆ ಕಣ್ಣು ಕಿರಿದು ಮಾಡಿಕೊಂಡು ದುಡಿದವಳಿಗೆ ಆ ಕಿಟಕಿ ಕಂಡಾಗ ಅಳು ಬರುವುದೊಂದು ಬಾಕಿ.

ಅಕ್ಕ ಚೀಲದಿಂದ ಅಳತೆ ಟೇಪು ತೆಗೆದು ಆ ಕಿಟಕಿಯ ಪಕ್ಕದ ಗೋಡೆಗೆ ಹಿಡಿದಳು.

"ನನ್ನ ಬೀರು ಇಲ್ಲಿ ಸರಿಹೋಗುತ್ತೆ," ಎಂದಳು ತಮ್ಮನಿಗೆ. "ಮಂಚ ಪಕ್ಕಕ್ಕೆ ಹಾಕಿ, ಕಿಟಕಿಗೆ ದಪ್ಪ ಪರದೆ ಬಿಡೋಣ. ಬೆಳಕು ಜಾಸ್ತಿ, ನನಗೆ ಮಧ್ಯಾಹ್ನ ನಿದ್ದೆ ಬರಲ್ಲ."

ನಾನು ಮೇಷ್ಟ್ರ ಕಡೆ ನೋಡಿದೆ. ಮೇಷ್ಟ್ರು ಕಿಟಕಿಯಿಂದ ಹೊರಗೆ ನೋಡುತ್ತಿದ್ದರು. ಕಿಟಕಿಯಿಂದ ಹೊರಗೆ ನೋಡುವ ಗಂಡಸನ್ನು ನಾನು ಮೊದಲೇ ಒಮ್ಮೆ ಕಂಡಿದ್ದೆ. ಹೋಗಿ ಕಾರಿನಲ್ಲಿ ಕೂತೆ.

ವಾಪಸು ಬರುವಾಗ ಕಾರು ಓಡಿಸುತ್ತಿದ್ದವಳು ನಾನು. ಮೇಷ್ಟ್ರು ಎಂದಿನಂತೆ ಪಕ್ಕದಲ್ಲಿ, ಅಕ್ಕ ಹಿಂದೆ.

"ಆ ರೂಮು ಕೊಡ್ತೀನಿ ಅಂತ ಯಾವಾಗ ಹೇಳಿದ್ರಿ?"

"ಕೊಡ್ತೀನಿ ಅಂತ ಹೇಳಿಲ್ಲ," ಎಂದರು ಮೇಷ್ಟ್ರು. "ನೋಡೋಣ ಅಂದಿದ್ದೆ."

"ಆಗಲಿ ಅಂದ," ಎಂದಳು ಹಿಂದಿನಿಂದ ಅಕ್ಕ. "ನನ್ನ ಬಾಡಿಗೆ ಮನೆ ಕೆಡವ್ತಾರೆ, ಎಲ್ಲಿಗೆ ಹೋಗಲಿ ಅಂತ ಕೇಳ್ದೆ. ಆಗಲಿ ಅಕ್ಕಾ, ಇವರಿಗೆ ಮೆಲ್ಲಗೆ ಹೇಳ್ತೀನಿ ಅಂದ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಒಂಬತ್ತು ವರ್ಷ ನಾನು ಶಾಂತ ಸ್ವಭಾವ ಎಂದು ಮೆಚ್ಚಿಕೊಂಡಿದ್ದು ಇದನ್ನೇ. ನನ್ನ ಕಾಲು ತಾನಾಗಿ ಕೆಳಗಿಳಿಯಿತು, ಕಾರು ನುಗ್ಗಿತು, ಮರುಕ್ಷಣ ಗಕ್ಕೆಂದು ನಿಂತಿತು. ಮೇಷ್ಟ್ರು ತಮ್ಮ ಬ್ರೇಕ್ ಒತ್ತಿದ್ದರು.

"ನಿಧಾನ," ಎಂದರು. "ಕನ್ನಡಿ ನೋಡಿ."

"ಕಾಲು ತೆಗೀರಿ."

"ನೀವು ಕೋಪದಲ್ಲಿದ್ದೀರಿ."

"ಕೋಪದಲ್ಲಿದ್ರೆ ನನ್ನ ಕಾಲಲ್ಲೇ ಬ್ರೇಕ್ ಇದೆ. ಲೈಸೆನ್ಸೂ ಇದೆ. ಕಾಲು ತೆಗೀರಿ ಮೇಷ್ಟ್ರೇ. ನಾನು ಯಾವ ಗಾಡಿ ಹತ್ತಿದ್ರೂ ಬ್ರೇಕ್ ಬೇರೆಯವರ ಕಾಲಲ್ಲೇ ಇರುತ್ತಲ್ಲ, ಇದೇನು ಕರ್ಮ. ಅವತ್ತು ಮಾವ. ಈವತ್ತು ನೀವು, ನಿಮ್ಮಕ್ಕನ ಬೀರು. ನಿಮ್ಮಕ್ಕನಿಗೆ ಎಲ್ಲಿಗೆ ಹೋಗಲಿ ಅನ್ನೋ ಚಿಂತೆ. ನನಗಿಲ್ವಾ?"

ರಸ್ತೆಯ ಮಧ್ಯೆ ನಿಂತಿದ್ದೆವು. ಹಿಂದೆ ಹಾರನ್ನುಗಳ ಸಾಲು. ಒಬ್ಬ ಪಕ್ಕದಿಂದ ತಲೆ ಹಾಕಿ, ಕಲಿಯೋರು ಬೆಳಗಿನ ಹೊತ್ತು ಬರಬೇಕಪ್ಪ, ನಮ್ಮ ಪ್ರಾಣ ಯಾಕೆ ತಿಂತೀರಿ ಎಂದು ಹೇಳಿ ಹೋದ. ಅಕ್ಕ ಕಿಟಕಿ ಇಳಿಸಿ ಅವನಿಗೆ ತಕ್ಕ ಉತ್ತರ ಕೊಟ್ಟಳು.

ಮೇಷ್ಟ್ರು ಬ್ರೇಕಿನಿಂದ ಕಾಲು ತೆಗೆದರು. ಅವರ ಕಿವಿ ಕೆಂಪಾಗಿತ್ತು.

"ಲಾಯರಮ್ಮ ಕೇಳಿದಾಗ ನಾನು ಹೊರಗೆ ಹೋಗ್ತೀನಿ ಅಂದೆ," ಎಂದರು. "ನಿನ್ನ ಮುಖ ಅರಳಿತು. ನಾನು ನೋಡ್ದೆ. ಎಲ್ಲಿಗೆ ಹೋಗ್ತೀಯಾ ಅಂತ ಒಂದು ಮಾತು ಕೇಳಿದ್ಯಾ ನೀನು? ನಿನ್ನನ್ನ ಯಾರೂ ಹೊರಗೆ ಹಾಕಬಾರದು, ಸರಿ. ನನ್ನನ್ನ ಹಾಕಬಹುದಾ?"

ನೀನು ಎಂದರು. ಹಿಂದಿನ ಸೀಟಿನಲ್ಲಿ ಅಕ್ಕ ಕೂಡ ಟೇಪು ಸುತ್ತುವುದನ್ನು ನಿಲ್ಲಿಸಿದಳು. ಮೇಷ್ಟ್ರು ಬಾಗಿಲು ತೆಗೆದು ಇಳಿದರು. ಅಕ್ಕನೂ ಇಳಿದಳು. "ನೀನೇ ಓಡಿಸ್ಕೊಂಡು ಹೋಗು," ಎಂದರು ಮೇಷ್ಟ್ರು. ಇಬ್ಬರೂ ಫುಟ್‌ಪಾತಿನ ಮೇಲೆ ಹಿಂದೆ ತಿರುಗಿ ನೋಡದೆ ನಡೆದರು.

ನೆತ್ತಿಯ ಮೇಲೆ ಕಲಿಯುವವರ ಫಲಕ ಹೊತ್ತ ಕಾರನ್ನು ಒಬ್ಬಳೇ ಮನೆಗೆ ತಂದೆ. ಪ್ರತಿ ತಿರುವಿನಲ್ಲೂ ಪಕ್ಕದ ಖಾಲಿ ಸೀಟಿನ ಕಡೆ ಕಣ್ಣು ಹೋಗುತ್ತಿತ್ತು. ಮನೆಯಲ್ಲಿ ಮಂಚದ ಮೇಲೆ ಬೆಳಗಿನ ಟವೆಲ್ ಬಿದ್ದಿತ್ತು, ಒಣಗಿ ಗರಿಗರಿಯಾಗಿತ್ತು. ಮೇಜಿಗೆ ಕೂತು ಯಾರದೋ ಕೆಳದವಡೆಗೆ ಮೇಣ ಹಚ್ಚುತ್ತಾ ನ್ಯಾಯ ನನ್ನ ಕಡೆಯೇ ಇದೆ ಎಂದು ವಾದಿಸಿಕೊಂಡೆ. ರೂಮಿನ ವಿಷಯದಲ್ಲಿ ಗೆದ್ದೆ. ಮುಖ ಅರಳಿದ ವಿಷಯಕ್ಕೆ ಬಂದಾಗಲೆಲ್ಲ ಸೋತೆ. ಅರಳಿತ್ತು, ಸುಳ್ಳಲ್ಲ. ಬಸ್ ಸ್ಟಾಪಿನ ಬೆಂಚು ಹೇಗಿರುತ್ತದೆಂದು ಗೊತ್ತಿದ್ದವಳು, ಆ ಬೆಂಚಿಗೆ ಇನ್ನೊಬ್ಬರು ತಾವಾಗಿಯೇ ಹೊರಟಾಗ ಜಾಗ ಖಾಲಿಯಾಯಿತೆಂದು ಹಿಗ್ಗಿದ್ದೆ. ಥೂ ನನ್ನ ಬಾಳೇ ಎನ್ನಿಸಿತು. ಆ ದವಡೆಯನ್ನು ಎರಡು ಸಲ ಕೆಡಿಸಿ ಮತ್ತೆ ಕಟ್ಟಿದೆ. ರಾತ್ರಿ ಅವರು ಬರಲಿಲ್ಲ.

ಸೋಮವಾರ ಒಬ್ಬಳೇ ಲಾಯರಮ್ಮನ ಎದುರು ಹೋಗಿ ಕೂತೆ.

"ಎಲ್ಲಿ ಅವರು?"

"ಜಗಳ ಆಯ್ತು."

ಲಾಯರಮ್ಮನ ಮುಖ ಬೆಳಗಿತು. ಬೆಳ್ಳಗಿನ ಹಲ್ಲು ಪೂರ್ತಿ ಹೊರಬಂತು. "ನಿಜವಾಗ್ಲೂ? ಯಾವುದರ ಮೇಲೆ?"

"ಬೀರು. ಬ್ರೇಕು. ಎಲ್ಲಾ."

"ಒಳ್ಳೇದಾಯ್ತು. ಕಾಫಿ ತರಿಸ್ತೀನಿ."

ಅವರು ಬಾರದೇ ಹೋದರೆ ಆ ಮನೆ ಇಲ್ಲ. ನನ್ನನ್ನು ಕಾಡಿದ್ದು ಅದಲ್ಲ. ಮನೆ ಇಲ್ಲ ಎಂದು ಕೊನೆಗೆ ನೆನಪಾಯಿತು, ಅವರಿಲ್ಲ ಎಂದು ಮೊದಲೇ ಹೊಳೆದಿತ್ತು. ಕಾಫಿ ತಣ್ಣಗಾಗುವ ಹೊತ್ತಿಗೆ ಬಾಗಿಲಲ್ಲಿ ಮೇಷ್ಟ್ರು ಕಾಣಿಸಿಕೊಂಡರು. ಹಿಂದೆ ಅಕ್ಕ. ಮೇಷ್ಟ್ರು ನಡುವಿಗೆ ಕೈಕೊಟ್ಟುಕೊಂಡು ಕುರ್ಚಿಯಲ್ಲಿ ಮೆಲ್ಲಗೆ ಇಳಿದರು.

"ಏನಾಯ್ತು?" ಎಂದೆ.

"ಅಕ್ಕನ ಮನೇಲಿ ಬೀರು ಪಕ್ಕ ಮಲಗಿದ್ದೆ. ಕಾಲು ಚಾಚೋಕಾಗಲ್ಲ."

ಎಲ್ಲಿಗೆ ಹೋಗುತ್ತಿದ್ದರು ಎಂಬುದಕ್ಕೆ ಉತ್ತರ ಸಿಕ್ಕಿತು. ಹೊರಗೆ ಹೋದರೆ ಈ ಮನುಷ್ಯನಿಗೆ ಇದ್ದದ್ದು ಒಂದು ಬೀರುವಿನ ಪಕ್ಕದ ನೆಲ, ಅದನ್ನೂ ಕೆಡವುತ್ತಾರೆ. ಕ್ಷಮಿಸಿ ಎನ್ನಬೇಕೆಂದಿದ್ದೆ. "ಆ ರೂಮು ನನ್ನ ಕೆಲಸಕ್ಕೆ ಬೇಕು," ಎಂದು ಬಾಯಿಂದ ಬಂತು. "ಆ ಬೆಳಕು ಬಿಟ್ಟುಕೊಡಲ್ಲ. ಮಹಡಿ ಮೇಲೆ ಒಂದು ರೂಮಿದೆ. ಅಕ್ಕ ಅಲ್ಲಿರಲಿ."

"ಎಷ್ಟು ದಿನ?" ಎಂದಳು ಅಕ್ಕ.

"ಇರೋಷ್ಟು ದಿನ."

"ಬಿಟ್ಟಿಯಾಗಾ?" ಅಕ್ಕನಿಗೆ ನಿಜಕ್ಕೂ ಅವಮಾನವಾದಂತಿತ್ತು. "ಮೂವತ್ತು ವರ್ಷ ಟಿಕೆಟ್ ಇಲ್ಲದವರನ್ನ ಇಳಿಸಿದವಳು ನಾನು. ಬಾಡಿಗೆ ಕೊಡ್ತೀನಿ, ರಸೀದಿ ಬೇಕು. ನಿಮಗೆ ಮನಸ್ಸು ಬಂದಾಗ ಇಳಿಸೋ ಹಾಗಿರಬಾರದು, ಅದನ್ನೂ ಬರೆದು ಕೊಡಿ."

"ಬೇರೆ ಬಾಡಿಗೆ ಕರಾರು ಮಾಡೋಣ," ಎಂದರು ಲಾಯರಮ್ಮ. "ಮಾಲೀಕತ್ವದ ಜೊತೆ ಕಲಸೋದು ಬೇಡ. ಈಗ ಸಾವಿಗೆ ಬನ್ನಿ."

ಸಾವಿನ ಮೇಲೆ ಮಧ್ಯಾಹ್ನದವರೆಗೆ ಕಾದಾಡಿದೆವು. ಒಬ್ಬರು ಸತ್ತರೆ ಇಡೀ ಮನೆ ಇನ್ನೊಬ್ಬರಿಗೇ ಸೇರುವಂತೆ ಬರೆಯಬಹುದು, ಇಲ್ಲವೇ ಅರ್ಧರ್ಧ ಬರೆದು ಉಯಿಲು ಮಾಡಬಹುದು ಎಂದರು ಲಾಯರಮ್ಮ. ಮೊದಲನೆಯದೇ ಇರಲಿ ಎಂದೆ. ತಮ್ಮ ಅರ್ಧ ಕೊನೆಗೆ ಅಕ್ಕನ ಕಡೆಗೇ ಹೋಗಬೇಕು ಎಂದು ಮೇಷ್ಟ್ರು ಜಗ್ಗದೆ ಕೂತರು. ಹಾಗಾದರೆ ನಾನು ಬೀದಿಗೆ ಎಂದೆ. ಯಾರು ಹೇಳಿದ್ದು ಎಂದರು. ಕೊನೆಗೆ ಅರ್ಧರ್ಧವೆಂದೂ, ಉಳಿದವರು ಬದುಕಿರುವಷ್ಟು ಕಾಲ ಇಡೀ ಮನೆಯಲ್ಲಿ ವಾಸಿಸುವ ಹಕ್ಕು ಅವರದೆಂದೂ, ಸತ್ತವರ ಅರ್ಧ ಆಮೇಲಷ್ಟೇ ಅವರ ಕಡೆಯವರಿಗೆಂದೂ ಇಬ್ಬರೂ ಉಯಿಲು ಬರೆಯುವುದಾಯಿತು. ಆ ಹಕ್ಕನ್ನು ಕರಾರಿನಲ್ಲೂ ಕಾಣಿಸುತ್ತೇನೆ, ಕದ್ದು ಉಯಿಲು ಬದಲಾಯಿಸುವಂತಿಲ್ಲ ಎಂದು ಲಾಯರಮ್ಮ ಸೇರಿಸಿದರು.

"ಅಂದ್ರೆ ಇವಳು ಸಾಯೋವರೆಗೂ ನಾನು ಕಾಯಬೇಕು," ಎಂದಳು ಅಕ್ಕ.

"ಹೌದು."

"ನಾನು ಇವಳಿಗಿಂತ ದೊಡ್ಡವಳು."

"ಅದು ಕಾನೂನಿನ ತಪ್ಪಲ್ಲ."

ಇವರು ಹೋಗಿ ಇವಳು ಆಗಿದ್ದೆ. ನೆಂಟಸ್ತಿಕೆ ಶುರುವಾಯಿತು ಎಂದುಕೊಂಡೆ.

ಇಷ್ಟಾದರೂ ಲಾಯರಮ್ಮನ ಪೆನ್ನಿನ ಮುಚ್ಚಳ ಹಾಗೇ ಇತ್ತು. ಅದನ್ನು ಮೇಜಿನ ಮೇಲೆ ಉರುಳಿಸುತ್ತಾ ಅವರು ಮೇಷ್ಟ್ರನ್ನು ನೋಡಿದರು.

"ಕೊನೇದು. ನೀವಿಬ್ಬರೂ ಬೇರೆಯಾದ್ರಿ. ಯಾರು ಹೊರಗೆ ಹೋಗ್ತೀರಿ?"

ಮೇಷ್ಟ್ರು ಬಾಯಿ ತೆರೆದರು. ನಾನು ಹೋಗ್ತೀನಿ ಎಂಬ ಮಾತು ಅವರ ನಾಲಗೆಯ ತುದಿಯಲ್ಲಿ ಕೂತಿದ್ದು ನನಗೆ ಕಾಣುತ್ತಿತ್ತು. ಬಾಯಿ ನೋಡುವುದೇ ನನ್ನ ಕಸುಬು. ನಾನು ಮೇಜಿನ ಕೆಳಗೆ ಅವರ ಪಾದವನ್ನು ನನ್ನ ಪಾದದಿಂದ ಒತ್ತಿ ಹಿಡಿದೆ.

"ಎಲ್ಲಿಗೆ ಹೋಗ್ತೀರಿ?" ಎಂದೆ.

ಅವರು ಬೆನ್ನು ನೆಟ್ಟಗೆ ಮಾಡಿ, ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಗಟ್ಟಿಯಾಗಿ ಕೂತರು.

"ನಾನಂತೂ ಹೋಗಲ್ಲ," ಎಂದರು. "ಬೇಕಾದ್ರೆ ನೀನು ಹೋಗು."

"ನಾನ್ಯಾಕೆ ಹೋಗಲಿ?"

"ಹಾಗಾದ್ರೆ ಇಬ್ರೂ ಇರೋಣ. ನಾನಂತೂ ಕದಲಲ್ಲ."

ಒಂಬತ್ತು ವರ್ಷದಲ್ಲಿ ಅವರು ನನಗೆ ಇಷ್ಟು ಒಳ್ಳೆಯ ಮಾತು ಆಡಿರಲಿಲ್ಲ. ಕಣ್ಣು ತುಂಬಿ ಎದುರಿನದೆಲ್ಲ ಕಲಸಿಕೊಂಡಿತು. ಲಾಯರಮ್ಮ ಪೆನ್ನಿನ ಮುಚ್ಚಳ ತೆಗೆದು ಬರೆಯತೊಡಗಿದರು.